ಹಿಡಿಕೆ ತಿರುಗಿಸಿದರೆ ಆಡುವ ಮರ

ಶ್ರೀರಂಗಪಟ್ಟಣದ ಮರದ ಹುಲಿ ಇನ್ನೂರು ವರ್ಷಗಳಿಂದ ಲಂಡನ್ನಿನಲ್ಲಿದೆ. ಅದನ್ನು ಆಡಿಸುವ ಕೀಲುಗಳ ವಿದ್ಯೆಯನ್ನು ಯಾರೂ ಹೊತ್ತೊಯ್ಯಲಾರರು. ಒಂದು ಗರಗಸ, ಒಂದು ಬೈರಿಗೆ, ನಾಲ್ಕು ತುಂಡು ಹಲಗೆ ಇದ್ದರೆ ಸಾಕು, ಘಟ್ಟದ ಎಡಕುಮೇರಿಯ ರೈಲು ಮೇಜಿನ ಮೇಲೆಯೇ ಸುರಂಗದಿಂದ ಹೊರಬರುತ್ತದೆ!

ಲಂಡನ್ನಿನ ಲೆಡನ್‌ಹಾಲ್ ಬೀದಿ, 1808. ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯ ವಾಚನಾಲಯದಲ್ಲಿ ಓದುಗರು ಹಸ್ತಪ್ರತಿಗಳ ಮೇಲೆ ಬಗ್ಗಿ ಕೂತಿದ್ದಾರೆ. ಅಲ್ಲೇ ಬಣ್ಣ ಬಳಿದ ಮರದ ಹುಲಿಯೊಂದು ಅಂಗಾತ ಬಿದ್ದ ಯುರೋಪಿಯನ್ನನ ಕೊರಳಿಗೆ ಬಾಯಿ ಹಾಕಿ ನಿಂತಿದೆ. ಹುಲಿ ನೋಡಲು ಬಂದವರಲ್ಲೊಬ್ಬ ಅದರ ಮೈಯಿಂದ ಹೊರಚಾಚಿದ ಹಿಡಿಕೆಯನ್ನು ತಿರುಗಿಸುತ್ತಾನೆ.

ಬಿದ್ದವನ ಎಡಗೈ ಮೇಲೇಳುತ್ತದೆ, ಇಳಿಯುತ್ತದೆ. ಅವನ ಬಾಯಿಂದ ಆರ್ತನಾದ, ಹುಲಿಯ ಗಂಟಲಿಂದ ಗುಟುರು. ಓದುವವರ ಏಕಾಗ್ರತೆ ಮುರಿಯುತ್ತದೆ. ದಿನವೂ ಇದೇ ಪಾಡು. ಈ ಗಲಾಟೆಗೆ ಓದುಗರು ರೋಸಿಹೋಗಿದ್ದರು.

ಅದೇ ಟಿಪ್ಪುವಿನ ಹುಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಿಂದ ಕೊಳ್ಳೆಯಾಗಿ ಹೋದ ವಸ್ತು. ಕೈಯಿಂದ ಮಾಡಿದ, ಕೈಯಿಂದ ಆಡಿಸುವ ಮರದ ಯಾಂತ್ರಿಕ ಗೊಂಬೆಗಳಲ್ಲಿ ಜಗತ್ತಿನಲ್ಲೇ ಇಷ್ಟು ಹೆಸರಾದವು ವಿರಳ. ಅದು ಕನ್ನಡ ನಾಡಿನ ಮಣ್ಣಿನಲ್ಲಿ ಹುಟ್ಟಿದ್ದು.

ನವರಾತ್ರಿ ಹತ್ತಿರವಾದಂತೆ ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಗೊಂಬೆಗಳು ಅಟ್ಟದಿಂದ ಇಳಿಯುತ್ತವೆ. ಪಟ್ಟದ ಗೊಂಬೆಗಳು ಮೆಟ್ಟಿಲ ಮೇಲೆ ಕೂರುತ್ತವೆ. ಕೂತ ಗೊಂಬೆಗಳ ಈ ಹಬ್ಬದ ಹೊತ್ತಿನಲ್ಲಿ, ಆಡುವ ಗೊಂಬೆಗಳ ಒಳಗೇನಿದೆ ಎಂದು ತಿಳಿಯುವುದು ಸಕಾಲಿಕ.

ಕೋಟೆಯ ಕಾಲದ ಹುಲಿ

ಸಕಲೇಶಪುರದಿಂದ ಮಂಗಳೂರಿನ ಕಡೆ ಹೊರಟರೆ ದೋಣಿಗಾಲ್ ಹತ್ತಿರ ಗುಡ್ಡದ ನೆತ್ತಿಯಲ್ಲಿ ಮಂಜರಾಬಾದ್ ಕೋಟೆ ಸಿಗುತ್ತದೆ. 1792ರಲ್ಲಿ ಟಿಪ್ಪು ಕಟ್ಟಿಸಿದ್ದು. ಎಂಟು ಮೂಲೆಯ ನಕ್ಷತ್ರದಂಥ ಅದರ ನಕಾಶೆ ಫ್ರಾನ್ಸಿನ ಕೋಟೆಶಾಸ್ತ್ರದ್ದು. ಕಲ್ಲು ಮತ್ತು ಕೆಲಸದ ಕೈ ಇಲ್ಲಿಯವು.

ಹುಲಿ ಹುಟ್ಟಿದ್ದೂ ಆ ಆಸುಪಾಸಿನ ವರ್ಷಗಳಲ್ಲೇ. 1792ರ ಡಿಸೆಂಬರಿನಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಬ್ರಿಟಿಷ್ ಸೇನಾಪತಿ ಹೆಕ್ಟರ್ ಮನ್ರೋನ ಮಗನನ್ನು ಹುಲಿ ಕೊಂದಿತು. ಈ ಸುದ್ದಿಯೇ ಗೊಂಬೆಗೆ ಪ್ರೇರಣೆಯಾಗಿರಬೇಕೆಂಬ ವಾದವಿದೆ. ಹುಲಿಯಂತೂ ಟಿಪ್ಪುವಿನ ಲಾಂಛನ. ಸಿಂಹಾಸನದಿಂದ ಹಿಡಿದು ಸೈನಿಕರ ಅಂಗಿಯವರೆಗೆ ಹುಲಿಯ ಗುರುತು ಇತ್ತು.

ಕೋಟೆಯಲ್ಲಿ ಕಂಡ ಬೆಸುಗೆಯೇ ಹುಲಿಯಲ್ಲೂ ಕಾಣುತ್ತದೆ. ಟಿಪ್ಪು ಫ್ರಾನ್ಸಿನ 16ನೇ ಲೂಯಿಯ ಬಳಿಗೆ ಕಳಿಸಿದ ರಾಯಭಾರಿಗಳು 1788ರಲ್ಲಿ ಪ್ಯಾರಿಸ್ ತಲುಪಿದರು. ಕುಶಲಕರ್ಮಿಗಳನ್ನು ಕರೆತರುವುದು ಅವರಿಗೆ ಒಪ್ಪಿಸಿದ ಕೆಲಸಗಳಲ್ಲೊಂದು. ಹುಲಿಯ ಹೊಟ್ಟೆಯಲ್ಲಿರುವ ಆರ್ಗನ್ನಿನ ರಚನೆ ಯುರೋಪಿನ ವಿದ್ಯೆಯನ್ನು ತೋರಿಸುತ್ತದೆ. ಹೊರಗಿನ ತೆಳು ಮರದ ಕವಚದ ಕೆತ್ತನೆ ದಕ್ಷಿಣ ಭಾರತದ ಮರದ ಶಿಲ್ಪಿಗಳ ಕೈಚಳಕವನ್ನು ಸಾರುತ್ತದೆ.

> ಹುಲಿಯ ಹೊಟ್ಟೆಯೊಳಗೆ
>
> • ಉದ್ದ ಸುಮಾರು 1.7 ಮೀಟರ್, ಎತ್ತರ ಸುಮಾರು 71 ಸೆಂ.ಮೀ.
>
> • ಹಿಡಿಕೆ ಒಂದೇ, ಕೆಲಸ ಮೂರು: ತಿದಿ ಒತ್ತಿ ಮನುಷ್ಯನ ಗಂಟಲಿನ ಕೊಳವೆಗೆ ಗಾಳಿ ಊದುವುದು, ಅವನ ಎಡಗೈ ಎತ್ತಿ ಇಳಿಸುವುದು, ಹುಲಿಯ ತಲೆಯೊಳಗಿನ ಕೊಳವೆಯಿಂದ ಗುಟುರು ಹೊರಡಿಸುವುದು.
>
> • ಕೈ ಏರಿಳಿದಂತೆ ಆರ್ತನಾದದ ಸ್ವರವೂ ಬದಲಾಗುತ್ತದೆ.
>
> • ಪಕ್ಕೆಯ ಮುಚ್ಚಳ ತೆರೆದರೆ ಪುಟ್ಟ ಆರ್ಗನ್. ದಂತದ ಗುಂಡಿಗಳನ್ನು ಒತ್ತಿ ರಾಗ ನುಡಿಸಬಹುದು.
>
> • ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಚಾವಣಿ ಕುಸಿದು ಹುಲಿ ನೂರಾರು ಚೂರಾಯಿತು. ಚೂರುಗಳನ್ನು ಜೋಡಿಸಿ 1947ರಲ್ಲಿ ಮತ್ತೆ ಪ್ರದರ್ಶನಕ್ಕಿಟ್ಟರು.
>
> • ಈಗಿರುವುದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ.

ಗುಟ್ಟು ಮಾಡಿದವರು, ಬಿಡಿಸಿ ಹೇಳಿದವರು

ಆಡುವ ಮರದ ಗೊಂಬೆಯ ಕನಸು ಟಿಪ್ಪುವಿಗಿಂತ ಬಹಳ ಹಳೆಯದು. 11ನೇ ಶತಮಾನದಲ್ಲಿ ಧಾರಾನಗರದ ಭೋಜರಾಜನ ಹೆಸರಿನಲ್ಲಿರುವ 'ಸಮರಾಂಗಣ ಸೂತ್ರಧಾರ'ದ 31ನೇ ಅಧ್ಯಾಯ ಯಂತ್ರಗಳದ್ದೇ. ದೀಪಕ್ಕೆ ಎಣ್ಣೆ ಹೊಯ್ಯುವ ಗೊಂಬೆ, ಬಾಗಿಲು ಕಾಯುವ ಗೊಂಬೆ, ಹಾರುವ ಮರದ ಹಕ್ಕಿ ಎಲ್ಲವೂ ಅಲ್ಲಿ ಬರುತ್ತವೆ. ಮಾಡುವ ಬಗೆಯನ್ನು ಮಾತ್ರ ಪೂರ್ತಿ ಹೇಳಿಲ್ಲ. ತಿಳಿಯದೆ ಬಿಟ್ಟಿದ್ದಲ್ಲ, ಗುಟ್ಟು ಉಳಿಯಲೆಂದು ಬಿಟ್ಟಿದ್ದು ಎಂದು ಗ್ರಂಥವೇ ಸಮಜಾಯಿಷಿ ಕೊಡುತ್ತದೆ.

ಇದಕ್ಕೆ ತದ್ವಿರುದ್ಧ ದಾರಿ ಹಿಡಿದವನು ಅಲ್ ಜಝರಿ. ಇಂದಿನ ಟರ್ಕಿಯ ದಿಯಾರ್‌ಬಕಿರ್‌ನಲ್ಲಿ 1206ರಲ್ಲಿ ಆತ ಮುಗಿಸಿದ ಪುಸ್ತಕದಲ್ಲಿ ನೀರೆತ್ತುವ ಯಂತ್ರ, ಗಡಿಯಾರ, ವಾದ್ಯ ನುಡಿಸುವ ಗೊಂಬೆಗಳ ಚಿತ್ರ ಸಮೇತ ವಿವರಗಳಿವೆ. ಓದಿದವರು ತಾವೇ ಮಾಡಿಕೊಳ್ಳುವಂತೆ ಬರೆದ ಪುಸ್ತಕ ಅದು.

ಜಪಾನಿನಲ್ಲಿ 1796ರಲ್ಲಿ, ಅಂದರೆ ಟಿಪ್ಪು ಬದುಕಿದ್ದಾಗಲೇ, ಹೊಸೊಕಾವಾ ಹಾನ್‌ಜೊ ಎಂಬಾತನ 'ಕರಕುರಿ ಝುಯಿ' ಅಚ್ಚಾಯಿತು. ಚಹಾ ತಂದುಕೊಡುವ ಮರದ ಗೊಂಬೆಯ ಹಲ್ಲಿನ ಚಕ್ರಗಳು, ತಿಮಿಂಗಿಲದ ಬಾಯಿಯ ಬಲೀನ್ ಪಟ್ಟಿಯ ಸ್ಪ್ರಿಂಗ್, ಎಲ್ಲದರ ನಕ್ಷೆ ಅದರಲ್ಲಿದೆ. ಬಟ್ಟಲು ಇಟ್ಟರೆ ಗೊಂಬೆ ಹೊರಡುತ್ತದೆ, ಎತ್ತಿಕೊಂಡರೆ ನಿಲ್ಲುತ್ತದೆ. ನಕ್ಷೆ ಉಳಿದದ್ದರಿಂದ ಆ ಗೊಂಬೆಯನ್ನು ಇಂದಿಗೂ ಹೊಸದಾಗಿ ಮಾಡಲು ಸಾಧ್ಯವಾಗಿದೆ.

ಜರ್ಮನಿಯ ಎರ್ಟ್ಸ್‌ಗೆಬಿರ್ಗೆ ಬೆಟ್ಟಸೀಮೆಯದು ಬೇರೆಯೇ ಕತೆ. ಅಲ್ಲಿ ಗಣಿ ಕೆಲಸ ಕುಗ್ಗಿದಾಗ ಜನ ಮರದ ಆಟಿಕೆಗೆ ತಿರುಗಿದರು. ಮೊಂಬತ್ತಿಯ ಬಿಸಿಗಾಳಿಗೆ ರೆಕ್ಕೆ ತಿರುಗಿ, ಕೆಳಗಿನ ಗಣಿ ಕಾರ್ಮಿಕರ ಗೊಂಬೆಗಳು ಸುತ್ತುವ ಗೋಪುರ ಆ ಸೀಮೆಯ ಗುರುತಾಯಿತು. ಕಾಡು ಬೆಟ್ಟದ ಊರುಗಳಿಗೂ ಈ ಕಲೆ ಅನ್ನ ಕೊಟ್ಟೀತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

1979ರಲ್ಲಿ ಇಂಗ್ಲೆಂಡಿನ ಫಾಲ್ಮತ್‌ನಲ್ಲಿ ಸ್ಯೂ ಜ್ಯಾಕ್ಸನ್ ತೆರೆದ ಅಂಗಡಿ ಮುಂದೆ 'ಕ್ಯಾಬರೆ ಮೆಕ್ಯಾನಿಕಲ್ ಥಿಯೇಟರ್' ಆಯಿತು. ಪಾಲ್ ಸ್ಪೂನರ್ ಮೊದಲಾದವರ ಗೊಂಬೆಗಳು ಅಲ್ಲಿಂದ ಲೋಕಕ್ಕೆ ಪರಿಚಯವಾದವು. ಇವುಗಳ ಹೊಸತನವೆಂದರೆ ಯಂತ್ರವನ್ನು ಮುಚ್ಚಿಡದೆ ಇರುವುದು. ಮೇಲೆ ಗೊಂಬೆ, ಕೆಳಗೆ ತೆರೆದ ಪೆಟ್ಟಿಗೆಯಲ್ಲಿ ಚಕ್ರ, ಕಡ್ಡಿ, ಕೀಲು. ನೋಡುವವರಿಗೆ ಎರಡೂ ಆಟವೇ.

ಭಾರತದಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಸುದರ್ಶನ್ ಖನ್ನಾ ಜಾತ್ರೆ ಸಂತೆಗಳಲ್ಲಿ ಮಾರುವ ಆಡುವ ಆಟಿಕೆಗಳನ್ನು ಹುಡುಕಿ, ಅವುಗಳ ರಚನೆಯನ್ನು 1983ರಲ್ಲಿ ಪುಸ್ತಕವಾಗಿ ತಂದರು. ಗಿರಗಟ್ಲೆ, ಬುಗುರಿಯಂಥ ಅಗ್ಗದ ಆಟಿಕೆಗಳಲ್ಲೂ ಭೌತಶಾಸ್ತ್ರದ ಪಾಠ ಅಡಗಿರುವುದನ್ನು ಆ ಕೆಲಸ ಎತ್ತಿ ತೋರಿತು.

ಹೊಸ ವಿದ್ಯೆಯಲ್ಲ

ಕನ್ನಡ ನಾಡಿನ ಬಡಗಿಗಳಿಗೆ ಮರದ ಯಂತ್ರ ಅಪರಿಚಿತವಾಗಿರಲಿಲ್ಲ. ಆಲೆಮನೆಯ ಹಳೆಯ ಮರದ ಗಾಣದಲ್ಲಿ ಒಂದು ಉರುಳೆಯ ಹಲ್ಲು ಇನ್ನೊಂದರ ಹಲ್ಲಿಗೆ ಕಚ್ಚಿ ಕಬ್ಬು ಅರೆಯುತ್ತಿತ್ತು. ನೂಲುವ ರಾಟೆಯಲ್ಲಿ ದೊಡ್ಡ ಚಕ್ರ ಒಂದು ಸುತ್ತು ಬಂದರೆ ಕದಿರು ಹತ್ತಾರು ಸುತ್ತು ತಿರುಗುತ್ತಿತ್ತು. ಏತದ ಕೋಲು ಸನ್ನೆಯ ತತ್ತ್ವದಲ್ಲೇ ನೀರೆತ್ತುತ್ತಿತ್ತು. ಆಡುವ ಗೊಂಬೆ ಇದೇ ವಿದ್ಯೆಯ ಕಿರಿಯ ರೂಪ.

ಎಲ್ಲದರ ಮೂಲ ಒಂದೇ ಪ್ರಶ್ನೆ: ಕೈ ಕೊಡುವುದು ಒಂದೇ ಬಗೆಯ ಚಲನೆ, ಸುತ್ತು. ಹಕ್ಕಿಗೆ ಬೇಕಾದದ್ದು ರೆಕ್ಕೆ ಬಡಿತ, ಮನುಷ್ಯನಿಗೆ ಬೇಕಾದದ್ದು ಕೈ ಬೀಸು, ರೈಲಿಗೆ ಬೇಕಾದದ್ದು ಮುಂದೆ ಹಿಂದೆ ಓಟ. ಸುತ್ತನ್ನು ಇವುಗಳಾಗಿ ಬದಲಿಸುವುದು ಹೇಗೆ?

ಅತ್ಯಂತ ಸರಳ ಉತ್ತರ ಕ್ಯಾಮ್. ಗುಂಡನೆಯ ಬಿಲ್ಲೆಗೆ ನಡುವೆ ತೂತು ಕೊರೆಯದೆ ತುಸು ಪಕ್ಕಕ್ಕೆ ಕೊರೆದು ದಂಡಕ್ಕೆ ಏರಿಸಿದರೆ ಬಿಲ್ಲೆ ಓಲಾಡುತ್ತಾ ತಿರುಗುತ್ತದೆ. ಅದರ ಮೇಲೆ ನಿಂತ ಕಡ್ಡಿ ಏರಿ ಇಳಿಯುತ್ತದೆ. ತೂತು ನಡುವಿನಿಂದ 8 ಮಿ.ಮೀ. ಸರಿದಿದ್ದರೆ ಕಡ್ಡಿ 16 ಮಿ.ಮೀ. ಏರುತ್ತದೆ. ಲೆಕ್ಕ ಅಷ್ಟೇ: ಸರಿದದ್ದರ ಎರಡರಷ್ಟು.

ಬಿಲ್ಲೆಯ ಆಕಾರ ಬದಲಿಸಿದರೆ ಗೊಂಬೆಯ ಸ್ವಭಾವವೇ ಬದಲಾಗುತ್ತದೆ. ಶಂಖದ ಸುರುಳಿಯಂತೆ ಕತ್ತರಿಸಿದ ಕ್ಯಾಮ್ ಕಡ್ಡಿಯನ್ನು ನಿಧಾನ ಎತ್ತಿ ಥಟ್ಟನೆ ಬೀಳಿಸುತ್ತದೆ. ಕಮ್ಮಾರ ಸುತ್ತಿಗೆ ಎತ್ತಿ ಬಡಿಯುವ ಗೊಂಬೆಗೆ ಇದೇ ಬೇಕು. ಆದರೆ ಇದನ್ನು ಒಂದೇ ದಿಕ್ಕಿಗೆ ತಿರುಗಿಸಬೇಕು. ಹಿಂದಕ್ಕೆ ತಿರುಗಿಸಿದರೆ ಕಡ್ಡಿ ಸುರುಳಿಯ ಮೆಟ್ಟಿಲಿಗೆ ಸಿಕ್ಕಿ ಯಂತ್ರ ನಿಲ್ಲುತ್ತದೆ.

> ಐದು ಕೀಲು, ಐದು ಚಲನೆ
>
> ಕ್ಯಾಮ್: ಸುತ್ತು ಏರಿಳಿತವಾಗುತ್ತದೆ.
>
> ಕ್ರ್ಯಾಂಕ್: ಬಗ್ಗಿದ ಹಿಡಿಕೆಗೆ ಕಟ್ಟಿದ ಕೋಲು ಮುಂದೆ ಹಿಂದೆ ಓಡುತ್ತದೆ. ಉಗಿಬಂಡಿಯಲ್ಲಿ ಕೋಲಿನ ಓಟ ಚಕ್ರದ ಸುತ್ತಾಗುತ್ತದೆ, ಗೊಂಬೆಯಲ್ಲಿ ಸುತ್ತೇ ಓಟವಾಗುತ್ತದೆ.
>
> ಉಜ್ಜು ಬಿಲ್ಲೆ: ನಿಂತ ಬಿಲ್ಲೆಯ ಅಂಚಿಗೆ ಮಲಗಿದ ಬಿಲ್ಲೆ ತಾಗಿದರೆ ಅದೂ ತಿರುಗುತ್ತದೆ. ಗೊಂಬೆ ಗಿರಕಿ ಹೊಡೆಯುತ್ತದೆ.
>
> ಹಲ್ಲಿನ ಚಕ್ರ: 8 ಹಲ್ಲಿನದು 24 ಹಲ್ಲಿನದನ್ನು ತಿರುಗಿಸಿದರೆ ವೇಗ ಮೂರರಲ್ಲೊಂದು ಪಾಲಾಗುತ್ತದೆ, ಬಲ ಹೆಚ್ಚುತ್ತದೆ.
>
> ಜಿನೀವಾ ಚಕ್ರ: ತಿರುಗು, ನಿಲ್ಲು, ತಿರುಗು. ನಾಲ್ಕು ಸೀಳಿನದಾದರೆ ದಂಡದ ಪ್ರತಿ ಸುತ್ತಿಗೆ ಚಕ್ರ ಕಾಲು ಸುತ್ತು. ಹಳೆಯ ಸಿನಿಮಾ ಪ್ರೊಜೆಕ್ಟರ್ ಫಿಲ್ಮನ್ನು ಹೀಗೇ ಒಂದೊಂದೇ ಚಿತ್ರವಾಗಿ ಎಳೆಯುತ್ತಿತ್ತು.

ಎಡಕುಮೇರಿ ಮೇಜಿನ ಮೇಲೆ

ತತ್ತ್ವ ತಿಳಿಯಲು ಒಂದು ಮಾದರಿಯನ್ನೇ ಕಟ್ಟಿ ನೋಡುವುದು ಲೇಸು. ವಸ್ತು ದೂರದ್ದಾಗಬೇಕಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಟ್ಟದ ಹಾದಿಯಲ್ಲಿ 57 ಸುರಂಗಗಳಿವೆ, ನೂರಕ್ಕೂ ಹೆಚ್ಚು ಸೇತುವೆಗಳಿವೆ. ಏರು 50 ಅಡಿಗೆ 1 ಅಡಿ. ದೋಣಿಗಾಲ್, ಕಡಗರವಳ್ಳಿ ದಾಟಿದ ಮೇಲೆ ಕಾಡಿನ ನಡುವೆ ಸಿಗುವ ಪುಟ್ಟ ನಿಲ್ದಾಣವೇ ಎಡಕುಮೇರಿ.

ಈ ಹಾದಿಯಲ್ಲಿ ಮೀಟರ್ ಗೇಜ್ ರೈಲು ಓಡಲು ಶುರುವಾದದ್ದು 1979ರಲ್ಲಿ. ಬ್ರಾಡ್ ಗೇಜ್ ಆಗಿ ಪ್ರಯಾಣಿಕರ ರೈಲು ಮತ್ತೆ ಬಂದದ್ದು 2007ರ ಡಿಸೆಂಬರಿನಲ್ಲಿ. ಹಳಿಯ ಮೇಲೆ ಚಾರಣ ಈಗ ನಿಷಿದ್ಧ. ಹಾಗಾಗಿ ಎಡಕುಮೇರಿಯ ನೋಟ ರೈಲಿನ ಕಿಟಕಿಯಲ್ಲಿ ಕಂಡಷ್ಟೇ. ಆ ನೋಟ ಒಂದು ಮೊಳ ಉದ್ದದ ಪೆಟ್ಟಿಗೆಯ ಮೇಲೆ ಹಿಡಿಯುವಂಥದ್ದು.

ಮಾದರಿಯಲ್ಲಿ ನಾಲ್ಕು ಚಲನೆ ಇರಲಿ. ಸುರಂಗದಿಂದ ಎಂಜಿನ್ ಹೊರಬಂದು ಒಳಹೋಗಬೇಕು. ಹಳೆಯ ಕಾಲದ ಸಿಗ್ನಲ್ ಕೈಮರ ಏಳಬೇಕು. ಬಾವುಟ ಹಿಡಿದವನು ರೈಲಿನ ಕಡೆ ತಿರುಗಬೇಕು. ಮೇಲೆ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿಯಬೇಕು. ನಾಲ್ಕಕ್ಕೂ ದಂಡ ಒಂದೇ, ಹಿಡಿಕೆಯೂ ಒಂದೇ.

ಎಂಜಿನ್ನಿಗೆ ಕ್ರ್ಯಾಂಕ್. ಅದು 60 ಮಿ.ಮೀ. ಹೊರಬರಬೇಕಾದರೆ ಕ್ರ್ಯಾಂಕಿನ ತೋಳು 30 ಮಿ.ಮೀ. ಇರಬೇಕು. ಕೈಮರಕ್ಕೆ ಸುರುಳಿ ಕ್ಯಾಮ್: ನಿಧಾನ ಏರಿ, ರೈಲು ದಾಟಿದೊಡನೆ ಥಟ್ಟನೆ ಬೀಳುತ್ತದೆ. ಬಾವುಟದವನ ಕಾಲಡಿಗೆ ಉಜ್ಜು ಬಿಲ್ಲೆ.

ಮಂಗಟ್ಟೆಯದು ಬೇರೆ ಲೆಕ್ಕ. ರೈಲು ಒಮ್ಮೆ ಬಂದು ಹೋಗುವಷ್ಟರಲ್ಲಿ ಹಕ್ಕಿ ಮೂರು ಸಲವಾದರೂ ರೆಕ್ಕೆ ಬಡಿಯಬೇಕು. ಅದಕ್ಕೆ ಮೂರು ಉಬ್ಬಿನ ಕ್ಯಾಮ್. ಒಂದು ಸುತ್ತಿಗೆ ಮೂರು ಏರು, ಮೂರು ಇಳಿತ.

ಕತೆ ಹುಟ್ಟುವುದು ಕ್ಯಾಮ್‌ಗಳನ್ನು ದಂಡಕ್ಕೆ ಕೂರಿಸುವ ಕೋನದಲ್ಲಿ. ಎಲ್ಲವನ್ನೂ ಒಂದೇ ನೇರಕ್ಕೆ ಕೂರಿಸಿದರೆ ಎಲ್ಲವೂ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಬೀಳುತ್ತವೆ, ಕತೆಯೇ ಇರುವುದಿಲ್ಲ. ಕೈಮರದ ಕ್ಯಾಮ್ ಕಾಲು ಸುತ್ತು ಮುಂದಿದ್ದರೆ ಮೊದಲು ಕೈಮರ, ಆಮೇಲೆ ರೈಲು. ಯಾವುದಾದ ಮೇಲೆ ಯಾವುದು ಎಂಬ ಈ ತೀರ್ಮಾನದಲ್ಲೇ ಕಸುಬಿನವರ ಜಾಣ್ಮೆ ಕಾಣುವುದು. ಅದಕ್ಕಾಗಿಯೇ ಅನುಭವಸ್ಥರು ಕ್ಯಾಮ್‌ಗಳಿಗೆ ಮೊದಲೇ ಅಂಟು ಹಾಕುವುದಿಲ್ಲ. ರಟ್ಟಿನಲ್ಲಿ ಒಂದು ಮಾದರಿ ಮಾಡಿ, ತಿರುಗಿಸಿ ನೋಡಿ, ಕೋನ ಸರಿಯಾದ ಮೇಲೆ ಮರಕ್ಕೆ ಕೈ ಹಾಕುತ್ತಾರೆ.

ಮಳೆಯೇ ಪರೀಕ್ಷಕ

ಘಟ್ಟದ ಸೀಮೆಯಲ್ಲಿ ಮರದ ಯಂತ್ರಕ್ಕೆ ದೊಡ್ಡ ಶತ್ರು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗೋಡೆಯೂ ಬೆವರುತ್ತದೆ. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣು ಜರಿದು ರೈಲು ಸಂಚಾರವೇ ನಿಂತಿತ್ತು. ಬೇಸಿಗೆಯಲ್ಲಿ ಸಲೀಸಾಗಿ ತಿರುಗಿದ ಮರದ ಚಕ್ರ ಅಂಥ ಮಳೆಗಾಲದಲ್ಲಿ ಬಿಗಿದು ನಿಲ್ಲುವುದು ಸಹಜ.

ಕಾರಣ ಮರದ ಎಳೆಗಳಲ್ಲಿದೆ. ತೇವ ಕುಡಿದ ಮರ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಆದ್ದರಿಂದ ಒಂದೇ ಹಲಗೆಯಲ್ಲಿ ಕತ್ತರಿಸಿದ ಗುಂಡು ಚಕ್ರ ಮಳೆಗಾಲದಲ್ಲಿ ತುಸು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಎಳೆಗೆ ಅಡ್ಡವಾಗಿ ಬಂದ ಹಲ್ಲುಗಳು ಮುರಿಯುವುದೂ ಬೇಗ.

ಪರಿಹಾರಗಳು ಕಷ್ಟದವಲ್ಲ. ಚಕ್ರಕ್ಕೆ ಪ್ಲೈವುಡ್ ಬಳಸಿದರೆ ಅದರ ಪದರಗಳ ಎಳೆ ಒಂದಕ್ಕೊಂದು ಅಡ್ಡವಾಗಿರುವುದರಿಂದ ಹಿಗ್ಗು ಕಡಿಮೆ. ಇಡೀ ಮರವೇ ಬೇಕೆಂದರೆ ತುಂಡುಗಳ ಎಳೆ ನಡುವಿನಿಂದ ಹೊರಗೆ ಚಾಚುವಂತೆ ಜೋಡಿಸಿ ಅಂಟಿಸಬೇಕು. ದಂಡ 6 ಮಿ.ಮೀ. ಇದ್ದರೆ ತೂತು 6.5 ಮಿ.ಮೀ. ಇರಲಿ. ಎಣ್ಣೆ ಹಾಕಿದರೆ ಮರ ಹೀರಿ ಊದಿಕೊಳ್ಳುತ್ತದೆ, ಧೂಳೂ ಅಂಟುತ್ತದೆ. ಮೇಣದ ಬತ್ತಿಯನ್ನೋ ಪೆನ್ಸಿಲಿನ ಸೀಸವನ್ನೋ ಉಜ್ಜಿದರೆ ಸಾಕು.

> ಯಾವ ಭಾಗಕ್ಕೆ ಯಾವ ಮರ?
>
> ಹಾಲೆ: ಚನ್ನಪಟ್ಟಣದ ಆಟಿಕೆಗಳ ಮರ. ಬಿಳಿ, ಹಗುರ, ನುಣುಪು. ಗೊಂಬೆಯ ಮೈಗೆ.
>
> ಹಲಸು: ವೀಣೆಯ ಮರ. ಪೆಟ್ಟಿಗೆ, ಚೌಕಟ್ಟಿಗೆ.
>
> ಸಾಗುವಾನಿ: ತೇವಕ್ಕೆ ಹೆಚ್ಚು ಹಿಗ್ಗದು. ಚಕ್ರಕ್ಕೆ.
>
> ಕಾಫಿ ಗಿಡದ ಬೊಡ್ಡೆ: ತೋಟದಲ್ಲಿ ಹಳೆ ಗಿಡ ಕಿತ್ತಾಗ ಸಿಗುವ ಗಟ್ಟಿ ಮರ. ಸಣ್ಣ ಕ್ಯಾಮ್, ಕೀಲು, ಹಿಡಿಕೆಗೆ.
>
> ಸಿಲ್ವರ್ ಓಕ್: ತೋಟದ ನೆರಳಿನ ಮರ, ಸುಲಭ ಲಭ್ಯ. ತಳಹಲಗೆಗೆ.
>
> ಬೀಟೆ: ಕಾನೂನಿನ ರಕ್ಷಣೆಯಲ್ಲಿರುವ ಮರ. ಹಳೆ ಪೀಠೋಪಕರಣದ ಚೂರು ಸಿಕ್ಕರಷ್ಟೇ.

ಚನ್ನಪಟ್ಟಣದ ಲೇತಿನ ಮುಂದೆ

ಕರ್ನಾಟಕದಲ್ಲಿ ಈ ಕಲೆಗೆ ಬೇಕಾದ ಕೈಗಳು ಇಂದಿಗೂ ಇವೆ. ಬೆಂಗಳೂರು–ಮೈಸೂರು ಹೆದ್ದಾರಿಯ ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡು ಲೇತಿನ ಮೇಲೆ ಸುತ್ತುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿಯಿಂದ ತಿಕ್ಕಿದರೆ ಹೊಳಪು. ಟಿಪ್ಪುವಿನ ಕಾಲದಿಂದ ಬಂದದ್ದೆಂದು ಹೇಳುವ ಈ ಕಸುಬನ್ನು 20ನೇ ಶತಮಾನದಲ್ಲಿ ಬೆಳೆಸಿದ ಕೀರ್ತಿ ಬಾವಸ್ ಮಿಯಾನ್ ಅವರದು. ಈ ಆಟಿಕೆಗಳಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಇದೆ.

ಲೇತಿನಿಂದ ಬರುವುದೆಲ್ಲ ಗುಂಡನೆಯ ವಸ್ತು. ಬಿಲ್ಲೆ, ದಂಡ, ಚಕ್ರ, ಗುಂಡು ತಲೆ. ಯಾಂತ್ರಿಕ ಗೊಂಬೆಗೆ ಬೇಕಾದ ಬಿಡಿಭಾಗಗಳಲ್ಲಿ ಮುಕ್ಕಾಲು ಪಾಲು ಇವೇ. ದಾರ ಕಟ್ಟಿ ಎಳೆದರೆ ತಲೆ ಆಡಿಸುವ ಪ್ರಾಣಿ, ಚಕ್ರದ ರೈಲು ಅಲ್ಲಿ ಈಗಾಗಲೇ ಇವೆ. ಅದೇ ಬಿಲ್ಲೆಯ ತೂತನ್ನು 8 ಮಿ.ಮೀ. ಪಕ್ಕಕ್ಕೆ ಕೊರೆದರೆ ಕ್ಯಾಮ್ ಸಿದ್ಧ.

ಇದರ ಲಾಭ ಕುಶಲಕರ್ಮಿಗೂ ಉಂಟು. ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ಆಟಿಕೆಯ ಬೆಲೆಯ ಜತೆ ಸಾದಾ ಮರದ ಆಟಿಕೆ ಪೈಪೋಟಿ ನಡೆಸುವುದು ಕಷ್ಟ. ಕತೆ ಹೇಳುವ, ಯಂತ್ರ ತೋರುವ ಗೊಂಬೆಯನ್ನು ಕೊಳ್ಳುವವರು ಕೆಲಸದ ಬೆಲೆಯನ್ನು ಅರಿತೇ ಕೊಳ್ಳುತ್ತಾರೆ.

ಶಾಲೆಗೆ ಬರಲಿ

ಕೀಲುಗಳನ್ನು ತೆರೆದಿಟ್ಟ ಮರದ ಗೊಂಬೆ ಒಳ್ಳೆಯ ಮೇಷ್ಟ್ರು. ಪರದೆಯ ಮೇಲೆ ಓಡುವ ಚಿತ್ರ ತಾನು ಹೇಗೆ ಓಡುತ್ತಿದ್ದೇನೆಂದು ಮಗುವಿಗೆ ತೋರಿಸುವುದಿಲ್ಲ. ಮರದ ಗೊಂಬೆ ಎಲ್ಲವನ್ನೂ ತೋರಿಸುತ್ತದೆ. ತ್ರಿಜ್ಯ, ಕೋನ, ಅನುಪಾತ, ಸನ್ನೆ, ಘರ್ಷಣೆ ಇವೆಲ್ಲ ಕಪ್ಪು ಹಲಗೆಯಿಂದ ಇಳಿದು ಕೈಗೆ ಸಿಗುತ್ತವೆ. ತಪ್ಪು ಎಲ್ಲಿದೆಯೆಂದು ಯಂತ್ರವೇ ನಿಂತು ತೋರಿಸುತ್ತದೆ. ತಿದ್ದಲು ಒಂದು ತುಂಡು ಸ್ಯಾಂಡ್ ಪೇಪರ್ ಸಾಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ದಾಖಲೆ 6ರಿಂದ 8ನೇ ತರಗತಿಯ ಮಕ್ಕಳಿಗೆ 10 ದಿನಗಳ ಬ್ಯಾಗಿಲ್ಲದ ಅವಧಿಯನ್ನು ಸೂಚಿಸಿದೆ. ಆ ದಿನಗಳಲ್ಲಿ ಮಕ್ಕಳು ಊರಿನ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಬೇಕೆಂಬುದು ಅದರ ಆಶಯ. ನೀತಿಯ ಹೆಸರು ಯಾವುದೇ ಇರಲಿ, ಈ ಹತ್ತು ದಿನದ ವಿಚಾರ ಒಳ್ಳೆಯದು. ಸಕಲೇಶಪುರ, ಆಲೂರಿನ ಶಾಲೆಗಳ ಮಕ್ಕಳಿಗೆ ತೋಟದ ಮರವಿದೆ, ಊರಲ್ಲಿ ಆಚಾರಿಗಳಿದ್ದಾರೆ, ಕಣ್ಣೆದುರು ಘಟ್ಟದ ರೈಲಿದೆ. ಕಿರು ಗರಗಸ, ಕೈ ಬೈರಿಗೆ, ಅಂಟು, ರಟ್ಟು ಇವಿಷ್ಟನ್ನು ಶಾಲೆ ಹೊಂದಿಸಿಕೊಟ್ಟು, ದೊಡ್ಡವರೊಬ್ಬರು ಪಕ್ಕದಲ್ಲಿ ನಿಂತರೆ ಕೆಲಸ ಶುರುವಾಗುತ್ತದೆ.

ಮಂಜರಾಬಾದಿನ ಗುಡ್ಡಕ್ಕೆ ಬರುವ ಪ್ರವಾಸಿಗೆ, ಕೋಟೆ ಕಟ್ಟಿಸಿದವನ ಮರದ ಹುಲಿಯ ಆಡುವ ಪ್ರತಿಕೃತಿಯೊಂದನ್ನು ಕನ್ನಡದ ಕುಶಲಕರ್ಮಿಗಳ ಕೈಯಲ್ಲೇ ಮಾಡಿಸಿ ತೋರಿಸುವುದು ಪ್ರವಾಸೋದ್ಯಮ ಮತ್ತು ಕರಕುಶಲ ಇಲಾಖೆಗಳಿಗೆ ಭಾರದ ಕೆಲಸವಲ್ಲ. ಮಕ್ಕಳು ಅದರ ಹಿಡಿಕೆಯನ್ನು ತಾವೇ ತಿರುಗಿಸುವಂತಿರಬೇಕು. ಲಂಡನ್ನಿನ ಹುಲಿಯನ್ನು ಈಗ ಗಾಜಿನಾಚೆಯಿಂದ ನೋಡಬಹುದಷ್ಟೇ.

ಮನೆಯವರೂ ಇಲಾಖೆಗೆ ಕಾಯಬೇಕಿಲ್ಲ. ಈ ನವರಾತ್ರಿಗೆ ಪಟ್ಟದ ಗೊಂಬೆಗಳ ಸಾಲಿನಲ್ಲಿ ಮಕ್ಕಳ ಕೈಯಿಂದ ಮಾಡಿಸಿದ ಒಂದು ಗೊಂಬೆಗೂ ಜಾಗ ಕೊಡಿ. ಒಂದೇ ಕ್ಯಾಮ್, ಒಂದೇ ಕಡ್ಡಿ, ಏರಿಳಿಯುವ ಒಂದು ಹಕ್ಕಿ ಇದ್ದರೂ ಮೊದಲ ವರ್ಷಕ್ಕೆ ಸಾಕು.